ಕಾಶೀಬಾಯಿ ತೆಗೆಯದ ಬಾಗಿಲು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ಮೊದಲೆಲ್ಲ ನಾನು ಎದ್ದು ಹೋಗುತ್ತಿದ್ದೆ. ಎದ್ದು ಹೋಗಲಾಗದ ಕಡೆ, ಅಂದರೆ ಬೀಗರ ಮನೆಯಲ್ಲೋ ರೈಲಿನಲ್ಲೋ ಸಿಕ್ಕಿಕೊಂಡರೆ, ಹೇಳುವವರಿಗೆ ಸಿಟ್ಟು ಬರುವವರೆಗೆ ಪ್ರಶ್ನೆ ಕೇಳುತ್ತಿದ್ದೆ. ಹೈದರಾಬಾದಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ, ತಯಾರಾದ ಮಾಲನ್ನು ತಪಾಸಣೆ ಮಾಡುವ ವಿಭಾಗದಲ್ಲಿ ನನ್ನ ನೌಕರಿಯೆಲ್ಲ ಕಳೆಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆಗೆ ಅಲ್ಲಿ ಸಂಬಳ ಕೊಡುತ್ತಿದ್ದರು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಮಿಯಾಪುರದ ಫ್ಲ್ಯಾಟಿನಲ್ಲಿ ಕೂತು ಕೂತು ಹೆಂಡತಿಯ ಅಡುಗೆಮನೆಯ ತಪಾಸಣೆ ಶುರು ಮಾಡಿದ್ದೆ. "ಎಲ್ಲ್ಯಾರ ಹೋಗಿ ನಾಕ್ ಮಂದಿಗಿ ಉಪಯೋಗ ಆಗ್ರಿ, ನನ್ನ ಜೀವಾ ತಿನ್ನಬ್ಯಾಡ್ರಿ" ಎಂದು ಶಾಂತಾ ಕೈ ಮುಗಿದಳು. ಫುಟ್‌ಪಾತಿನಲ್ಲಿ ಮಲಗುವವರಿಗಾಗಿ ಊರಿನಲ್ಲಿ ಅಲ್ಲಲ್ಲಿ ಆಸರೆಮನೆಗಳಿವೆ. ಅವುಗಳ ಸ್ಥಿತಿಯನ್ನು ಸುಧಾರಿಸುವ ಕೆಲಸವನ್ನು ನನ್ನಂಥ ಕೆಲವು ನಿವೃತ್ತರು ಹಚ್ಚಿಕೊಂಡಿದ್ದರು. ನಾನೂ ಸೇರಿದೆ. ನನ್ನ ಪಾಲಿಗೆ ಬೇಗಂಪೇಟೆಯ ಒಂದು ಆಸರೆಮನೆ ಬಂತು. ಹೊರಗೋಡೆಯ ತುಂಬ ನವಿಲು, ಹೂವು, ಬಣ್ಣ ಬಣ್ಣದ ಚಿತ್ರ. ಒಳಗೆ ಬಚ್ಚಲಿಗೆ ಚಿಲಕವಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಚಿಲಕ, ಬಿಸಿನೀರು, ಸಾಮಾನಿಡಲು ಬೀಗದ ಪೆಟ್ಟಿಗೆ ಇವನ್ನೆಲ್ಲ ಮಾಡಿಸುವುದರಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಹೋಯಿತು. ಚಳಿ ಶುರುವಾಗುವಾಗ ಸಂಜೆ ಹೊತ್ತು ಸುತ್ತಮುತ್ತಲ ಫುಟ್‌ಪಾತುಗಳಿಗೆ ಹೋಗಿ, ಬರ್ರಿ, ಜಾಗ ಇದೆ ಎಂದು ಕರೆಯುವ ಕೆಲಸ ಶುರುವಾಯಿತು.

ಭೀಮಶಾ ಸಿಕ್ಕಿದ್ದು ಹಾಗೆ. ಫ್ಲೈಓವರಿನ ಕೆಳಗೆ ಒಂದು ಕಂಬಕ್ಕೆ ಒರಗಿ ಕೂತಿದ್ದ ಮುದುಕ. ನನ್ನ ತೆಲುಗು ಕೇಳಿ ನಕ್ಕು, ಕನ್ನಡದಲ್ಲೇ ಮಾತಾಡ್ರಿ ಎಂದ. ಕಲಬುರಗಿ ಕಡೆಯವನು, ಮನೆಗಳಿಗೆ ಶಹಾಬಾದ್ ಕಲ್ಲು ಹಾಸುವುದು ಅವನ ಕಸುಬು. ಎಲ್ಲರೂ ಟೈಲ್ಸಿಗೆ ತಿರುಗಿದ ಮೇಲೆ ಕೆಲಸ ಹೋಯಿತು, ಬಾಡಿಗೆ ಖೋಲಿಯೂ ಹೋಯಿತು. ಜೊತೆಗೆ ಹೆಂಡತಿ ಕಾಶೀಬಾಯಿ ಇದ್ದಾಳೆ, ಅವಳಿಗೆ ದಮ್ಮಿನ ಕಾಯಿಲೆ ಎಂದ. ಆಸರೆಮನೆಗೆ ಬರಲು ಮಾತ್ರ ಒಪ್ಪಲಿಲ್ಲ.

"ಗಂಡಸರ ಕಡಿ ನಾ, ಹೆಂಗಸರ ಕಡಿ ಆಕಿ, ಅದೂ ಬ್ಯಾರೆ ಓಣ್ಯಾಗ. ರಾತ್ರಿ ಆಕಿಗಿ ದಮ್ಮ ಹತ್ತತದ್ರಿ. ಬೆನ್ನ ತಿಕ್ಕಾವ್ರು ಯಾರು?"

ಅವನು ಹೇಳಿದ್ದು ಸರಿಯಾಗಿತ್ತು. ಗಂಡಸರದು ಒಂದು ಕಡೆ, ಹೆಂಗಸರದು ಇನ್ನೊಂದು ಕಡೆ ಎಂಬುದೇ ಅಲ್ಲಿಯ ನಿಯಮ. ಗಂಡ ಹೆಂಡತಿ ಜೊತೆಗಿರಬೇಕೆಂದರೆ ರಸ್ತೆಯೇ ಗತಿ. ಆ ಚಳಿಗಾಲವನ್ನು ರಸ್ತೆಯಲ್ಲಿ ಕಳೆದರೆ ಕಾಶೀಬಾಯಿ ಉಳಿಯುವುದಿಲ್ಲ ಎಂದು ನಮ್ಮ ತಂಡದ ನರ್ಸಮ್ಮ ಅವಳ ಎದೆ ಪರೀಕ್ಷಿಸಿ ಹೇಳಿದ್ದಳು. ಹಿಂಭಾಗದಲ್ಲಿ ಮುರುಕು ಮಂಚ ತುಂಬಿದ ಒಂದು ಸ್ಟೋರ್ ರೂಮು ಇತ್ತು. ಅದನ್ನು ದಂಪತಿಗಳಿಗೆಂದು ಬಿಡಿಸಿಕೊಡಿ ಎಂದು ಸಂಬಂಧಪಟ್ಟ ಕಚೇರಿಗೆ ಅಲೆದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ ಮೇಲಿನವರು ಹೂಂ ಎಂದರು, ಕೆಳಗಿನವರು ನಾಳೆ ಎಂದರು. ಕೊನೆಗೂ ರೂಮು ಸಿಕ್ಕಿತು. ಸುಣ್ಣ ಬಳಿಸಿ, ಹೊಸ ಬಾಗಿಲು ಇಡಿಸಿದೆ. ನಾನು ಮದುವೆಯೊಂದಕ್ಕೆ ಬೀದರಿಗೆ ಹೋಗಿದ್ದಾಗ ಗಂಡ ಹೆಂಡತಿ ಇಬ್ಬರೂ ಬಂದು ಸೇರಿಕೊಂಡರು. ಆ ಸುದ್ದಿ ಕೇಳಿ ನನಗಾದ ಖುಷಿ, ಸುಳ್ಳೇಕೆ ಹೇಳಲಿ, ಬಡ್ತಿ ಬಂದಾಗಲೂ ಆಗಿರಲಿಲ್ಲ.

ಇಷ್ಟೆಲ್ಲ ಆಗುವ ತನಕ ಕಾಶೀಬಾಯಿಯ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಫ್ಲೈಓವರಿನ ಕೆಳಗೆ ಹೋದಾಗಲೆಲ್ಲ ಅವಳ ಚಾದರ ಇರುತ್ತಿತ್ತು, ಅರ್ಧ ಕುಡಿದ ಚಹಾ ಇರುತ್ತಿತ್ತು, ಅವಳು ಮಾತ್ರ ಇರುತ್ತಿರಲಿಲ್ಲ. ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಮ್ಮ ಕಡೆಯ ಹಳೆಯ ಕಾಲದ ಹೆಣ್ಣುಮಕ್ಕಳು ಪರಗಂಡಸಿನ ಎದುರು ಬರುವುದಿಲ್ಲ, ತಲೆಯ ಮೇಲೆ ಸೆರಗೆಳೆದುಕೊಂಡು ಮರೆಯಾಗುತ್ತಾರೆ. ರಸ್ತೆಯಲ್ಲಿದ್ದರೂ ಎಂಥ ಮರ್ಯಾದಸ್ಥ ಹೆಣ್ಣುಮಗಳು ನೋಡು ಎಂದು ಶಾಂತಾಳ ಮುಂದೆ ಹೊಗಳಿಯೂ ಇದ್ದೆ.

ಆಸರೆಮನೆಗೆ ಬಂದ ಮೇಲೂ ಅದೇ ಕಥೆ. ಅಲ್ಲಿಯ ಮೇಲ್ವಿಚಾರಣೆ ಯಾದಮ್ಮ ಎಂಬ ನಡುವಯಸ್ಸಿನ ತೆಲುಗು ಹೆಂಗಸಿನದು. ನಾನು ಹೋದಾಗಲೆಲ್ಲ ಅವಳು, ಅಮ್ಮ ಈಗಷ್ಟೇ ಹೊರಗೆ ಹೋದಳು ಸಾರ್ ಎನ್ನುತ್ತಿದ್ದಳು. ಬೇರೆಯವರ ಎದುರು ಕಾಶೀಬಾಯಿಗೆ ಯಾವ ನಾಚಿಕೆಯೂ ಇರಲಿಲ್ಲವಂತೆ. ಗಂಡಸರ ಜೊತೆ ಜಗಳವಾಡಿ ಚಹಾದ ಸಾಲಿನಲ್ಲಿ ಮುಂದೆ ನಿಲ್ಲುತ್ತಿದ್ದಳಂತೆ. ಇದನ್ನು ಕೇಳಿದಾಗ ನನ್ನ ಸೆರಗಿನ ಲೆಕ್ಕಾಚಾರ ಕುಸಿದು ಬಿತ್ತು. ಹಾಗಾದರೆ ನನ್ನೊಬ್ಬನ ಮೇಲೆ ಏಕೆ ಮುನಿಸು?

ತಪಾಸಣೆಯವನ ಬುದ್ಧಿ ಎಲ್ಲಿ ಹೋಗುತ್ತದೆ? ಹೇಳದೆ ಕೇಳದೆ ಹೋಗಲು ಶುರು ಮಾಡಿದೆ. ಒಮ್ಮೆ ಬೆಳಿಗ್ಗೆ ಹೋದೆ, ಒಮ್ಮೆ ಮಧ್ಯಾಹ್ನ ಊಟದ ಹೊತ್ತಿಗೆ. ಒಂದು ದಿನ ಆಟೋವನ್ನು ದೂರದಲ್ಲೇ ಬಿಟ್ಟು, ರೈಲ್ವೆ ಗೋಡೆಯ ಪಕ್ಕದ ಸಂದಿಯಲ್ಲಿ ಬಂದು ಹಿಂದಿನ ಗೇಟಿನಿಂದ ಒಳಗೆ ಕಾಲಿಟ್ಟೆ. ರೂಮಿನಲ್ಲಿ ತಟ್ಟೆ ಇತ್ತು. ಮುರಿದ ರೊಟ್ಟಿ, ಪಲ್ಯ, ಇನ್ನೂ ಬಿಸಿ ಆರಿರಲಿಲ್ಲ. ಉಣ್ಣುತ್ತಿದ್ದವಳು ತಟ್ಟನೆ ತಲೆಯೆತ್ತಿ, ತುತ್ತನ್ನು ಅಲ್ಲೇ ಬಿಟ್ಟು, ಮುಂದಿನ ಬಾಗಿಲಿನಿಂದ ಹೊರಟುಹೋದಳಂತೆ. ಆಗ ನಾನು ಇನ್ನೂ ಸಂದಿಯಲ್ಲೇ ಇದ್ದೆ. "ಮೀರೊಸ್ತುಂಡ್ರನಿ ಆಮೆಕೆಟ್ಲ ಎರ್ಕೋ ಸಾರ್" ಎಂದಳು ಯಾದಮ್ಮ. ನೀವು ಬರುವುದು ಅವಳಿಗೆ ಹೇಗೆ ತಿಳಿಯುತ್ತದೋ ಎಂದು ಯಾದಮ್ಮನಿಗೂ ಸೋಜಿಗ. ಭೀಮಶಾನನ್ನು ಕೇಳಿದರೆ ಅವಳ ತಟ್ಟೆ ಮುಚ್ಚಿಟ್ಟು ಹೊರಗೆ ಹೋದ. ನನಗೆ ಅಂದು ಮೊದಲ ಸಲ ಬೆನ್ನಿನಲ್ಲಿ ಏನೋ ಒಂಥರಾ ಆಯಿತು. ಹಸಿವಾಗಿರಬೇಕು ಎಂದುಕೊಂಡೆ.

ಹೀಗೆ ಹೊರಗೆ ಹೋದವಳು ನಾನು ವಾಪಸಾಗುವ ತನಕ ಚಳಿಯಲ್ಲಿ ರಸ್ತೆಯಾಚೆ ನಿಂತಿರುತ್ತಿದ್ದಳು ಎಂಬುದು ನನಗೆ ತಿಳಿದದ್ದು ತಡವಾಗಿ. ಅವಳಿಗೆ ಜ್ವರ ಬಂದು, ದಮ್ಮು ಜೋರಾಯಿತು. ಇನ್ನೊಮ್ಮೆ ಹೊರಗಿನ ಗಾಳಿಗೆ ನಿಂತರೆ ನಾನು ಹೊಣೆಯಲ್ಲ ಎಂದು ನರ್ಸಮ್ಮ ಫೋನಿನಲ್ಲಿ ರೇಗಿದಳು. ಅದೇ ದಿನ ಭೀಮಶಾ ಗಂಟು ಕಟ್ಟುತ್ತಿದ್ದಾನೆ, ಮತ್ತೆ ಫ್ಲೈಓವರಿನ ಕೆಳಗೆ ಹೋಗುತ್ತಾರಂತೆ ಎಂದು ಯಾದಮ್ಮನೂ ಫೋನ್ ಮಾಡಿದಳು. ಅಷ್ಟು ಕಷ್ಟಪಟ್ಟು ಕೊಡಿಸಿದ ರೂಮು ಬಿಟ್ಟು, ಆ ಸ್ಥಿತಿಯಲ್ಲಿ, ರಸ್ತೆಗೆ! ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಕೂಡಲೇ ಹೊರಟೆ.

ದೀಪ ಹಚ್ಚುವ ಹೊತ್ತು. ಹಾಲಿನಲ್ಲಿ ಗಂಡಸರು ಹಾಸಿಗೆ ಬಿಡಿಸುತ್ತಿದ್ದರು. ಭೀಮಶಾ ಔಷಧಿ ತರಲು ಹೋಗಿದ್ದ. ರೂಮಿನ ಬಾಗಿಲು ಒಳಗಿನಿಂದ ಹಾಕಿತ್ತು. ಅವಳಿಗೆ ಎದ್ದು ಹೋಗುವ ಶಕ್ತಿ ಇಲ್ಲ ಎಂದು ಯಾದಮ್ಮ ಪಿಸುಗುಟ್ಟಿ, ಮುಂಬಾಗಿಲ ಕಡೆ ಹೋದಳು. ನಾನು ಬಾಗಿಲಿನಿಂದ ಒಂದು ಮಾರು ದೂರದಲ್ಲೇ ನಿಂತೆ.

"ಕಾಶೀಬಾಯಿ, ನಾ ಬಂದೀನವಾ. ನನ್ನ ಮ್ಯಾಲ ಸಿಟ್ಟೇನು?"

ಒಳಗಿನಿಂದ ಗೊರಗೊರ ಉಸಿರು ಕೇಳಿಸಿತು. ಅದರ ನಡುವೆ ದನಿ ಬಂತು. "ಸಿಟ್ಟಿಲ್ರೀ ಯಣ್ಣಾ. ನೀವು ದೇವ್ರ ಬಂದಂಗ ಬಂದೀರಿ. ನಿಮಗ ಅಂಜಂಗಿಲ್ಲ ನಾ."

"ಮತ್ತ ಯಾರಿಗಿ ಅಂಜ್ತಿ?"

"ನಿಮ್ಮ ಹಿಂದ ಬರತಾಳಲ್ರೀ, ಆಕಿಗಿ."

ನಾನು ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಯಾದಮ್ಮನೇ ಎಂದು ಕೇಳಿದೆ.

"ಯಾದಮ್ಮ ಅಲ್ರೀ. ಬ್ರಿಜ್ಜಿನ ಬುಡಕ ನೀವು ಮೊದಲ್ನೇ ಸಲ ಬಂದಾಗೇ ನೋಡೀನಿ ಆಕೀನ. ಮೈಮ್ಯಾಲ ಚಾದರಿಲ್ಲ, ಕಾಲಾಗ ಚಪ್ಲಿಲ್ಲ. ಬಾಯಿ ಬಿಡಂಗಿಲ್ಲ. ನೀವು ಮಂದಿಗಿ ಜಾಗಾ ಕೊಡಸ್ತೀರಂತ ಆಕಿಗಿ ಗೊತ್ತಾಗ್ಯದ. ಅದಕ್ಕ ನಿಮ್ಮ ಬೆನ್ನ ಹತ್ಯಾಳ್ರೀ."

ಅವಳ ಮಾತು ಕೆಮ್ಮಿನಲ್ಲಿ ಮುಳುಗಿತು. ಸುಮ್ಮನಿರವ್ವಾ, ಜ್ವರದ ಭ್ರಮೆ ಅದು ಎಂದೆ.

"ಬಂದ ಸಲಾ ನನ್ನ ಹಾಸಿಗಿ ನೋಡ್ತಾಳ. ಆಕಿ ಬಂದು ಅದರ ಮ್ಯಾಲ ಕುಂತಳಂದ್ರ ನಾ ಮತ್ತ ಏಳಂಗಿಲ್ರೀ. ಇವತ್ತ ಹೊರಗ ಹೋಗ್ಲಿಕ್ಕ ಕಾಲಾಗ ಕಸುವಿಲ್ಲ. ಅದಕ್ಕ ಚಿಲಕ ಹಾಕ್ಕೊಂಡೀನಿ. ನಿಮ್ಮ ಕಾಲ್ ಬೀಳ್ತೀನಿ ಯಣ್ಣಾ, ಆಕೀನ ಕರಕೊಂಡ ಹೋಗ್ರಿ."

ಮುಂದೆ ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ನಾನು ಬಾಗಿಲನ್ನು ಮುಟ್ಟಿರಲಿಲ್ಲ. ಕೈಗೆ ಎಟುಕುವಷ್ಟು ಹತ್ತಿರವೂ ಇರಲಿಲ್ಲ. ಆ ಹೊಸ ಬಾಗಿಲು, ಯಾರೋ ಹೆಗಲು ಕೊಟ್ಟು ನಿಧಾನವಾಗಿ ಒತ್ತಿದ ಹಾಗೆ, ಒಳಕ್ಕೆ ಬಾಗಿ ಕಿರ್ರೆಂದಿತು. ಒಳಗೆ ಚಿಲಕದ ಸದ್ದು. ಕಾಶೀಬಾಯಿ ಚೀರಿದಳು. ಬಾಗಿಲು ಸಡಿಲಾಯಿತು, ಮತ್ತೆ ಒತ್ತಿಕೊಂಡಿತು. ಹಾಲಿನಲ್ಲಿ ಗಾಳಿ ಇರಲಿಲ್ಲ. ತೂಗುಹಾಕಿದ್ದ ಒಂದು ಅಂಗಿಯೂ ಅಲುಗುತ್ತಿರಲಿಲ್ಲ.

ನಾನು ಓಡಿಹೋಗುವಷ್ಟು ಹೆದರಿದ್ದೆ. ಆದರೂ ಒಳಗಿನ ಜೀವ ನನ್ನ ಕಣ್ಣೆದುರೇ ಹೋಗುತ್ತದಲ್ಲ ಎಂಬ ಸಂಕಟ ಆ ಹೆದರಿಕೆಗಿಂತ ದೊಡ್ಡದಾಯಿತು. ನಾನು, ಜೀವಮಾನವೆಲ್ಲ ಇಂಥವರನ್ನು ಗೇಲಿ ಮಾಡಿದವನು, ಬಾಗಿಲ ಮುಂದಿನ ಖಾಲಿ ಜಾಗ ನೋಡಿ ಗಟ್ಟಿಯಾಗಿ ಹೇಳಿದೆ. "ಇಲ್ಲಿ ಜಾಗಾ ಇಲ್ಲ ಯವ್ವಾ. ಬಾ, ಹೋಗೂಣು."

ಬಾಗಿಲು ಸುಮ್ಮನಾಯಿತು. ನಾನು ಹಿಂದೆ ನೋಡದೆ ಹೊರಟೆ. ಹಾಸಿಗೆ ಬಿಡಿಸುತ್ತಿದ್ದವರು ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಮುಂಬಾಗಿಲಲ್ಲಿ ಯಾದಮ್ಮ ಬದಿಗೆ ಸರಿದು ದಾರಿ ಕೊಟ್ಟಳು. ನಾನು ಹೊಸ್ತಿಲು ದಾಟಿ ಮೆಟ್ಟಿಲಿಳಿದ ಮೇಲೂ ಅವಳು ಗೋಡೆಗೆ ಅಂಟಿಕೊಂಡು, ಸರಿದೇ ನಿಂತಿದ್ದಳು. ಯಾಕೆ ಹಾಗೆ ನಿಂತೆ ಎಂದು ಆಮೇಲೆ ಫೋನಿನಲ್ಲಿ ಕೇಳಿದ್ದೇನೆ. ತನಗೂ ತಿಳಿಯದು ಎನ್ನುತ್ತಾಳೆ.

ಮೆಟ್ರೋ ಹಿಡಿದು, ಅಮೀರಪೇಟೆಯಲ್ಲಿ ಗಾಡಿ ಬದಲಿಸಿ ಮನೆಗೆ ಬಂದೆ. ಶಾಂತಾಳಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಕ್ಕಿದ್ದರೆ ಒಳ್ಳೆಯದಿತ್ತು. ಅವಳು ಕೈಯಲ್ಲಿದ್ದ ಹಿಟ್ಟು ಕೊಡವಿ ನನ್ನ ಮುಖವನ್ನೇ ನೋಡಿದಳು.

"ಬಾ ಅಂತ ಕರದ್ರಿ. ಎಲ್ಲಿ ಬಿಟ್ಟ ಬಂದ್ರಿ ಆಕೀನ?"

ಅದು ನನಗೆ ಹೊಳೆದೇ ಇರಲಿಲ್ಲ.

ಕಾಶೀಬಾಯಿ ಆ ಚಳಿಗಾಲ ಉಳಿದಳು. ಕಟ್ಟಿದ ಗಂಟನ್ನು ಭೀಮಶಾ ಬಿಚ್ಚಿದ. ಆ ರೂಮಿನಲ್ಲಿ ಇಂದಿಗೂ ಗಂಡ ಹೆಂಡತಿ ಜೊತೆಯಾಗಿ ಇರಬಹುದು, ಬೇರೆ ಕೆಲವು ಆಸರೆಮನೆಗಳಲ್ಲೂ ಅಂಥ ರೂಮು ಮಾಡಿಸಿದೆವು. ಮಾಡಿಸಿದ್ದು ನಾನು ಮನೆಯಲ್ಲಿ ಕೂತು, ಫೋನಿನ ಮೇಲೆ. ಅಂದಿನಿಂದ ನಾನು ಯಾವ ಆಸರೆಮನೆಯ ಹೊಸ್ತಿಲನ್ನೂ ತುಳಿದಿಲ್ಲ. ಜ್ವರದಲ್ಲಿ ಏನೇನೋ ಕಾಣುತ್ತದೆ, ಹೊಸ ಮರ ಚಳಿಗೆ ಬಾಗುತ್ತದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಜ್ವರ ಬರುವ ಮೊದಲೇ ಕಾಶೀಬಾಯಿ ತುತ್ತು ಬಿಟ್ಟು ಏಳುತ್ತಿದ್ದಳಲ್ಲ, ಅದಕ್ಕೇನು ಹೇಳಲಿ? ನನ್ನ ಹಿಂದೆ ಬರುತ್ತಿದ್ದವಳು ಯಾರು, ನನ್ನ ಬೆನ್ನು ಎಲ್ಲಿ ಹಿಡಿದಳು, ನಿಜವಾಗಿ ಇದ್ದಳೇ, ನನಗೆ ಗೊತ್ತಿಲ್ಲ.

ಚಳಿಗಾಲದ ಸಂಜೆ ನಮ್ಮ ಫ್ಲ್ಯಾಟಿನ ಬಾಗಿಲು ಹಾಕುವಾಗ ನನ್ನ ಕೈ ಈಗಲೂ ಅರ್ಧಕ್ಕೆ ನಿಲ್ಲುತ್ತದೆ. ಹೊರಗೆ ಉದ್ದನೆಯ ಪಡಸಾಲೆ, ಲಿಫ್ಟು, ಟ್ಯೂಬ್‌ಲೈಟಿನ ಬೆಳಕು, ಬೇರೇನೂ ಇರುವುದಿಲ್ಲ. ಒಳಗೆ ಬಾ ಎನ್ನುವ ಧೈರ್ಯ ನನಗಿಲ್ಲ. ಹೋಗು ಎನ್ನೋಣವೆಂದರೆ, ಎಲ್ಲಿಗೆ ಎಂದು ಹೇಳಲಿ?