ಕಿಟಕಿಯ ಒಲೆ ಮತ್ತು ಕಾವಲುಗಾರನ ಮೂಗು

ದೀಪದ ಬೋರ್ಡಿಗೆ ಆದ ಖರ್ಚಿನಲ್ಲಿ ಆರು ತಿಂಗಳ ಈರುಳ್ಳಿ ಬರುತ್ತಿತ್ತು. ಮನೆಮನೆಗೆ ಹಂಚಿದ ಕರಪತ್ರಕ್ಕೆ ಒಂದು ತಿಂಗಳದ್ದು. ಫೋನಿನಲ್ಲಿ ಹೋಟೆಲಿನ ಚಿತ್ರ ತೋರಿಸುವವರು ತಿಂಗಳಿಗೆ ಎರಡು ಮೂಟೆ ಈರುಳ್ಳಿಯಷ್ಟು ಎಣಿಸಿಕೊಂಡು ಹೋಗುತ್ತಾರೆ. ಬಸ್ ನಿಲ್ದಾಣದ ಹಿಂದಿನ ಓಣಿಯ ಈ ಹೋಟೆಲಿನಲ್ಲಿ ಜಾಹೀರಾತಿನ ಲೆಕ್ಕವನ್ನು ಈರುಳ್ಳಿಯಲ್ಲೇ ಹಾಕುವುದು ರೂಢಿ. ಗಿರಾಕಿಗಳು ಮೊದಲು ಬಂದದ್ದೂ, ಒಮ್ಮೆ ಮುನಿಸಿಕೊಂಡು ಹೋಗಿ ಮತ್ತೆ ಬಂದದ್ದೂ ಬೀದಿಗೆ ತೆರೆದ ಒಂದು ಕಿಟಕಿಯಿಂದ. ಅದರ ಹಿಂದೆ ಒಲೆ ನೋಡಿಕೊಳ್ಳುವ ಹೆಂಗಸನ್ನು ಓಣಿಯವರೆಲ್ಲ ‘ಈರುಳ್ಳಿ ಅಕ್ಕ’ ಎನ್ನುತ್ತಾರೆ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಕ್ಕ ತಲೆಗೆ ಬಟ್ಟೆ ಬಿಗಿದು ಅಗಲವಾದ ಕಬ್ಬಿಣದ ಬಾಣಲೆಗೆ ಹೆಚ್ಚಿದ ಈರುಳ್ಳಿ ಸುರಿಯುತ್ತಾರೆ. ಬೆನ್ನ ಹಿಂದೆ ಒಂದು ಹಳೆಯ ಫ್ಯಾನು ಗೊರಗೊರ ಎನ್ನುತ್ತ ಬಾಣಲೆಯ ಘಮವನ್ನು ಕಿಟಕಿಯಾಚೆ ನೂಕುತ್ತದೆ. ಹೋಟೆಲು ರಸ್ತೆಗಿಂತ ನಾಲ್ಕೈದು ಮೆಟ್ಟಿಲು ತಗ್ಗಿನಲ್ಲಿರುವುದರಿಂದ ಅವರಿಗೆ ದಾರಿಹೋಕರ ಮುಖ ಕಾಣುವುದಿಲ್ಲ, ಕಾಲು ಮಾತ್ರ ಕಾಣುತ್ತದೆ. ಗುಡಿಸುವವರ ರಬ್ಬರ್ ಚಪ್ಪಲಿ, ಆಸ್ಪತ್ರೆಯ ದಾದಿಯರ ಬಿಳಿ ಬೂಟು, ಡ್ರೈವರುಗಳ ಸವೆದ ಹಿಮ್ಮಡಿ. ಅಕ್ಕನ ಕಣ್ಣು ಬಾಣಲೆಗಿಂತ ಹೆಚ್ಚಾಗಿ ಅಲ್ಲೇ ಇರುತ್ತದೆ.

“ಹೊಟ್ಟೆ ತುಂಬಿದವರ ಕಾಲು ನೆಟ್ಟಗೆ ಹೋಗುತ್ತೆ. ಹಸಿದವರದ್ದು ಇಲ್ಲಿಗೆ ಬಂದಾಗ ಸ್ವಲ್ಪ ತಡವರಿಸುತ್ತೆ. ಅಷ್ಟು ಸಾಕು ನಂಗೆ.”

ಅಷ್ಟರಲ್ಲಿ ಬೂದು ಸಮವಸ್ತ್ರದ ಎರಡು ಕಾಲು ಕಿಟಕಿಯ ಮುಂದೆ ನಿಲ್ಲುತ್ತವೆ. ಕೈಯಲ್ಲಿ ಲಾಠಿ, ಹೆಗಲಿಗೆ ಊಟದ ಡಬ್ಬಿಯ ಚೀಲ. ಆ ಮನುಷ್ಯ ಕುಕ್ಕರಗಾಲಿನಲ್ಲಿ ಕುಳಿತು, ಅಕ್ಕ ಚಾಚಿದ ಎಣ್ಣೆ ಡಬ್ಬವನ್ನು ಅಲ್ಲೇ ಬೀದಿಯಲ್ಲಿ ಒಡೆದು ಮೂಸುತ್ತಾರೆ. ಆಮೇಲೆ ಕಿಟಕಿಯೊಳಗೆ ತಲೆ ಹಾಕಿ ಬಾಣಲೆ ಮೂಸುತ್ತಾರೆ. ಔಷಧಿ ಅಂಗಡಿಯವನು ಚೀಟಿ ಓದುವಷ್ಟು ಗಂಭೀರವಾದ ಮುಖ.

“ಎಣ್ಣೆ ಸರಿ ಇದೆ ಕಣೇ. ಬೆಳ್ಳುಳ್ಳಿ ಇನ್ನೊಂಚೂರು ಬೀಳಲಿ.”

ಅಕ್ಕ ಇನ್ನೊಂಚೂರು ಹಾಕುತ್ತಾರೆ. ಬಂದವರು ಅವರ ಗಂಡ, ಗೋದಾಮೊಂದರ ರಾತ್ರಿ ಕಾವಲುಗಾರ. ಬೀದಿಗೆಲ್ಲ ಘಮ ಹಂಚುವ ಈರುಳ್ಳಿ ಅಕ್ಕನಿಗೆ ಯಾವ ವಾಸನೆಯೂ ತಿಳಿಯುವುದಿಲ್ಲ.

ಬಟ್ಟೆ ಕಾರ್ಖಾನೆ ಮುಚ್ಚಿದ ಮೇಲೆ ಪಾತ್ರೆ ತೊಳೆಯಲು ಇಲ್ಲಿಗೆ ಬಂದವರು ಅಕ್ಕ. ಆಗ ಹೋಟೆಲು ನಡೆಸುತ್ತಿದ್ದವರು ಈಗಿನ ಮಾಲೀಕರ ತಾಯಿ. ಬೋರ್ಡು ಬರೆಸಲು ಕೈಯಲ್ಲಿ ಕಾಸಿಲ್ಲದೆ ಕಿಟಕಿಗೆ ಒಲೆ ಹೂಡಿದ ಹೆಂಗಸು ಅವರು. ಬೋರ್ಡು ನೋಡಬೇಕಾದರೆ ಜನ ಕತ್ತೆತ್ತಬೇಕು, ಉಸಿರಾಡುವುದಕ್ಕೆ ಯಾರಿಗೂ ಹೇಳಿಕೊಡಬೇಕಾಗಿಲ್ಲ ಎನ್ನುತ್ತಿದ್ದರಂತೆ. ಮಂಡಿ ನೋವು ಹೆಚ್ಚಾದ ದಿನ ಅವರು ಸೌಟನ್ನು ಅಕ್ಕನ ಕೈಗಿಟ್ಟು ಮನೆಗೆ ಹೋದರು, ಮತ್ತೆ ಒಲೆಯ ಹತ್ತಿರ ಬರಲಿಲ್ಲ.

ಎರಡು ವರ್ಷದ ಹಿಂದೆ ಅಕ್ಕನ ಮನೆಯವರೆಲ್ಲ ಜ್ವರ ಹಿಡಿದು ಮಲಗಿದರು. ಎಲ್ಲರೂ ಎದ್ದರು, ಅಕ್ಕನ ಮೂಗು ಮಾತ್ರ ಏಳಲಿಲ್ಲ. ವಾಸನೆ ಬಂದರೆ ಬರಬಹುದು, ಇಲ್ಲದಿದ್ದರೆ ಇಲ್ಲ ಎಂದು ವೈದ್ಯರು ಕೈ ಚೆಲ್ಲಿದರು. ಒಲೆ ಕೈ ತಪ್ಪೀತೆಂದು ಅಕ್ಕ ಹೋಟೆಲಿನಲ್ಲಿ ಬಾಯಿ ಬಿಡಲಿಲ್ಲ. ಈರುಳ್ಳಿ ಹಸಿಯಿದ್ದಾಗ ಚಟಪಟ ಎನ್ನುತ್ತದೆ, ಹದಕ್ಕೆ ಬಂದಾಗ ಪಿಸುಗುಡುತ್ತದೆ. ಕಣ್ಣು ಬಣ್ಣ ನೋಡುತ್ತದೆ. ಉಳಿದದ್ದನ್ನು ಬೀದಿಯ ಕಾಲುಗಳು ಹೇಳುತ್ತಿದ್ದವು. ಗಂಡನಿಗೆ ವಿಷಯ ಗೊತ್ತಿತ್ತು, ಆದರೆ ಅವರು ಸಿಗುತ್ತಿದ್ದುದೇ ಕಡಿಮೆ. ಕಾವಲು ಮುಗಿಸಿ ಅವರು ಮನೆಗೆ ಬರುವಾಗ ಅಕ್ಕ ಹೋಟೆಲಿಗೆ ಹೋಗಿಯಾಗಿರುತ್ತಿತ್ತು. ಮನೆಯ ಬೀಗದ ಕೈ ಪಕ್ಕದ ಮನೆಯ ಗೂಡಿನಲ್ಲಿ ಇಬ್ಬರಿಗೂ ಕಾಯುತ್ತಿತ್ತು.

ಹೀಗೆಯೇ ಸಾಗಿಹೋಗುತ್ತಿತ್ತೇನೋ. ಆದರೆ ಒಂದು ಬೆಳಿಗ್ಗೆ ಒಡೆದ ಎಣ್ಣೆ ಡಬ್ಬ ಕೆಟ್ಟಿತ್ತು. ಕಮಟು ಎಣ್ಣೆ ನೋಡಲು ಒಳ್ಳೆಯ ಎಣ್ಣೆಯ ಹಾಗೆಯೇ ಇರುತ್ತದೆ, ಕಾದಾಗಲೂ ಅದೇ ಸದ್ದು ಮಾಡುತ್ತದೆ. ಅಕ್ಕ ಎಂದಿನಂತೆ ಈರುಳ್ಳಿ ಸುರಿದರು. ಮೊದಲು ಬಂದ ಬಿಳಿ ಬೂಟುಗಳು ಬಿರಬಿರನೆ ಹೋದವು. ಹಿಂದೆ ಬಂದವು ರಸ್ತೆ ದಾಟಿ ಆಚೆ ಬದಿ ಹಿಡಿದವು. ಘಮ ಸಾಲದು ಎಂದುಕೊಂಡರು ಅಕ್ಕ. ಈರುಳ್ಳಿ ಇನ್ನಷ್ಟು ಹಾಕಿ, ಫ್ಯಾನಿನ ಗುಂಡಿ ಜೋರಿಗೆ ತಿರುಗಿಸಿದರು.

ಓಣಿ ಪೂರ್ತಿ ನಾರಿತು. ಮೂಲೆಯ ಮೇಜಿಗೆ ದಿನವೂ ಬರುವ ದರ್ಜಿ ಮಾವ ಮೆಟ್ಟಿಲಲ್ಲೇ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಎದುರಿನ ತಿಂಡಿ ಅಂಗಡಿಗೆ ಹೋದರು. ಬಸ್ಸಿನವರು ಗುಂಪಾಗಿ ಅವರ ಹಿಂದೆ ಹೋದರು. ಮಾಲೀಕರು ಬಂದವರೇ ಒಲೆ ಆರಿಸಿದರು.

“ಅಕ್ಕಾ, ಇದೇನಿದು ಕಮಟು? ನಿಮಗೆ ಗೊತ್ತಾಗ್ಲಿಲ್ವಾ?”

ಎಣ್ಣೆ ಅಂಗಡಿಯವನು ಕೆಟ್ಟ ಡಬ್ಬ ಕೊಟ್ಟ ಎಂದು ಅಕ್ಕ ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

“ಗೊತ್ತಾಗಲ್ಲ ಅಣ್ಣ,” ಎಂದರು. “ಜ್ವರ ಬಂದು ಹೋದಾಗಿನಿಂದ ನಂಗೆ ಏನೂ ಗೊತ್ತಾಗಲ್ಲ.”

ಮಾಲೀಕರು ಬೈಯಲಿಲ್ಲ. ಅದಕ್ಕೇ ಇನ್ನೂ ನೋವಾಯಿತು ಎನ್ನುತ್ತಾರೆ ಅಕ್ಕ. ಅವರನ್ನು ಮತ್ತೆ ಹಿಂದುಗಡೆ ಪಾತ್ರೆ ತೊಳೆಯಲು ಕಳಿಸಿದರು, ಕಿಟಕಿ ಮುಚ್ಚಿದರು. ಅಷ್ಟರಲ್ಲಿ ಆ ಹೋಟೆಲಿನಲ್ಲಿ ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯುತ್ತಾರೆಂಬ ಮಾತು ಬಸ್ ನಿಲ್ದಾಣದ ತುಂಬ ಹಬ್ಬಿತ್ತು. ದೀಪದ ಬೋರ್ಡು, ಕರಪತ್ರ, ಫೋನಿನ ಚಿತ್ರ ಎಲ್ಲವೂ ಬಂದದ್ದು ಆಗಲೇ. ಅರ್ಧ ಬೆಲೆ ಎಂದಾಗ ಜನ ಮುಗಿಬಿದ್ದರು. ಪೂರ್ತಿ ಬೆಲೆಗೆ ಮರಳಿದ ದಿನ ಮೇಜುಗಳು ಮತ್ತೆ ಖಾಲಿಯಾದವು. ಒಳಗೆ ಬ್ರೆಡ್ಡು, ಮೊಟ್ಟೆ ಮಾಡುವ ಅಡುಗೆಯವನನ್ನು ಕಿಟಕಿಗೆ ನಿಲ್ಲಿಸಿ ನೋಡಿದರೆ, ಇಲ್ಲಿ ಈರುಳ್ಳಿ ತಿರುವುವಷ್ಟರಲ್ಲಿ ಒಳಗೆ ಬ್ರೆಡ್ಡು ಸೀಯುತ್ತಿತ್ತು. ಒಲೆಯನ್ನೇ ಕಿತ್ತು ಅಲ್ಲಿಗೆ ಗಾಜು ಹಾಕಿಸುವ ಮಾತು ಶುರುವಾಯಿತು.

ಆಗ ಕಾವಲುಗಾರರು ಒಂದು ಬೆಳಿಗ್ಗೆ ಲಾಠಿ ಸಮೇತ ಗಲ್ಲಾಪೆಟ್ಟಿಗೆಯ ಮುಂದೆ ಬಂದು ನಿಂತರು. ಮಾತು ಕಡಿಮೆಯ ಮನುಷ್ಯ. ಹೇಳಬೇಕಾದ್ದನ್ನು ರಾತ್ರಿಯೆಲ್ಲ ಹೊಂದಿಸಿಕೊಂಡಿದ್ದರಂತೆ.

“ಅವಳಿಗೆ ಕೈ ಇದೆ, ನಂಗೆ ಮೂಗಿದೆ. ದಿನಾ ಈ ದಾರೀಲೇ ಮನೆಗೆ ಹೋಗ್ತೀನಿ. ನೀವು ಹೂಂ ಅಂದ್ರೆ ನಿಂತು ಹೋಗ್ತೀನಿ.”

ಮಾಲೀಕರು ತುಸು ಹೊತ್ತು ಗಾಜಿನ ಅಳತೆಯ ಚೀಟಿಯನ್ನು ಮಡಚಿ ಬಿಚ್ಚಿ ಮಾಡಿದರು. ಕೊನೆಗೆ ಒಪ್ಪಿಕೊಂಡು ಒಂದು ಮಾತು ಸೇರಿಸಿದರು. ಡಬ್ಬವನ್ನು ಒಳಗೆ ಒಡೆಯುವುದು ಬೇಡ, ಎಲ್ಲರ ಕಣ್ಣೆದುರು ಬೀದಿಯಲ್ಲೇ ಒಡೆಯಿರಿ. ಎಣ್ಣೆಯ ಮೇಲೆ ಬಂದ ಮಾತಿಗೆ ಎಣ್ಣೆಯೇ ಉತ್ತರ ಕೊಡಲಿ ಎಂಬುದು ಅವರ ಯೋಚನೆ.

ಉತ್ತರವೇನೋ ಬಂತು, ಯಾರೂ ಎಣಿಸದ ದಾರಿಯಲ್ಲಿ ಬಂತು. ಸಮವಸ್ತ್ರದವರೊಬ್ಬರು ದಿನವೂ ಹೋಟೆಲಿನ ಮುಂದೆ ಕುಳಿತು ಎಣ್ಣೆ ಮೂಸುವುದನ್ನು ಕಂಡ ಜನ, ಸರ್ಕಾರದವರೇ ಬಂದು ಪರೀಕ್ಷೆ ಮಾಡಿ ಹೋಗುತ್ತಾರೆಂದು ತಿಳಿದರು. ಕಾಲುಗಳು ಮತ್ತೆ ತಡವರಿಸತೊಡಗಿದವು. ಮಾಲೀಕರು ಒಳಗೊಳಗೇ ನಕ್ಕು, ಹಾಗೆಯೇ ತಿಳಿದುಕೊಳ್ಳಲಿ ಬಿಡಿ ಎಂದರು. ಅಕ್ಕ ಬಿಡಲಿಲ್ಲ. ಒಂದು ಸಲ ಮುಚ್ಚಿಟ್ಟು ಕೆಟ್ಟದ್ದು ಸಾಲದೇ ಎಂಬುದು ಅವರ ವಾದ. ಕೇಳಿದವರಿಗೆಲ್ಲ ಕಿಟಕಿಯಿಂದಲೇ ಹೇಳಿದರು: “ಸರ್ಕಾರ ಅಲ್ಲಪ್ಪ, ನಮ್ಮ ಮನೆಯವರು. ರಾತ್ರಿ ಗೋದಾಮು ಕಾಯ್ತಾರೆ, ಬೆಳಿಗ್ಗೆ ನನ್ನ ಬಾಣಲೆ ಕಾಯ್ತಾರೆ. ನಂಗೆ ವಾಸನೆ ಬರಲ್ಲ, ಅದಕ್ಕೆ.”

ಸತ್ಯ ಕೇಳಿ ಯಾರೂ ಓಡಿಹೋಗಲಿಲ್ಲ. ಈಗ ಕಂಡಕ್ಟರುಗಳು ಮೆಟ್ಟಿಲಿಳಿಯುವಾಗಲೇ, ಇನ್‌ಸ್ಪೆಕ್ಟರ್ ಸಾಹೇಬರು ಇವತ್ತು ಪಾಸು ಮಾಡಿದರಾ ಎಂದು ಕೆಣಕುತ್ತಾರೆ. ಕಾವಲುಗಾರರು ಕೆಲವು ದಿನ ಲಾಠಿಯೆತ್ತಿ ಸಲಾಮು ಹೊಡೆಯುವುದೂ ಉಂಟು.

ದರ್ಜಿ ಮಾವ ಎಲ್ಲರಿಗಿಂತ ತಡವಾಗಿ ಬಂದರು. ಎಷ್ಟೋ ದಿನ ಎದುರು ಬದಿಯಲ್ಲಿ ನಿಂತು ಡಬ್ಬ ಒಡೆಯುವುದನ್ನು ನೋಡಿ ಹೋದರು. ಕಡೆಗೊಮ್ಮೆ ಸುಮ್ಮನೆ ಬಂದು ಮೂಲೆಯ ಮೇಜಿಗೆ ಕುಳಿತು, ಬ್ರೆಡ್ಡು, ಮೊಟ್ಟೆ ಕೊಡಿ, ಈರುಳ್ಳಿ ಜಾಸ್ತಿ ಇರಲಿ ಎಂದರು. ಅಂದು ಅಕ್ಕ ತಟ್ಟೆಯನ್ನು ತಾವೇ ಒಯ್ದರು. “ಅರ್ಧ ಬೆಲೆಗೆ ಬಂದವರ ಮುಖ ನಂಗೆ ನೆನಪಿಲ್ಲ,” ಎನ್ನುತ್ತಾರೆ. “ಮುನಿಸಿಕೊಂಡು ಹೋಗಿ ತಾವಾಗೇ ಬಂದರಲ್ಲ, ಅವರು ಮನೆಯವರ ಹಾಗೆ.”

ಜ್ವರದ ನಂತರ ಹುಟ್ಟಿದ ಮೊಮ್ಮಗಳೊಬ್ಬಳು ಅಕ್ಕನಿಗಿದ್ದಾಳೆ. ಅವಳನ್ನು ಎತ್ತಿ ಆಡಿಸಿದ್ದಾರೆ, ಮೀಯಿಸಿದ್ದಾರೆ. ಅವಳ ನೆತ್ತಿಯ ವಾಸನೆ ಮಾತ್ರ ಅಕ್ಕನಿಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಈರುಳ್ಳಿ ತಿರುವುತ್ತಲೇ ಕೇಳಿದರು: “ಏನ್ರೀ, ಮಗು ನೆತ್ತಿ ಹೇಗಿರುತ್ತೆ?” ಅದನ್ನೆಲ್ಲ ಹೇಗೆ ಹೇಳುವುದು ಎಂದು ಗಂಡ ಎದ್ದು ಹೋದರು. ಮರುದಿನ ಬಂದು ಡಬ್ಬ ಮೂಸುವ ಮೊದಲೇ ಹೇಳಿದರು:

“ಇಸ್ತ್ರಿ ಮಾಡಿದ ಬಟ್ಟೆ ಬಿಸಿ ಇರುತ್ತಲ್ಲ, ಅದರ ಮೇಲೆ ಒಂಚೂರು ಹಾಲು ಚೆಲ್ಲಿದ ಹಾಗೆ.”

ಅಕ್ಕ ಇನ್ನೊಂದು ಈರುಳ್ಳಿ ತೆಗೆದು ಹೆಚ್ಚತೊಡಗಿದರು. ಈರುಳ್ಳಿ ಹೆಚ್ಚುವವರ ಕಣ್ಣಲ್ಲಿ ನೀರು ಬಂದರೆ ಯಾರೂ ಕಾರಣ ಕೇಳುವುದಿಲ್ಲ.

ಬರುವ ವರ್ಷ ಗಂಡನ ಕೆಲಸ ಮುಗಿಯುತ್ತದೆ. ಆಮೇಲೂ ಅವರು ಬೆಳಕು ಹರಿಯುವ ಹೊತ್ತಿಗೆ ಎದ್ದು ಇಲ್ಲಿಯವರೆಗೆ ನಡೆದು ಬಂದರೆ ಸಾಕು, ಬೇರೇನೂ ಬೇಡ ಎನ್ನುತ್ತಾರೆ ಅಕ್ಕ.

ಮೂಗು ಮರಳಿಲ್ಲ, ಮರಳುವ ಆಸೆಯೂ ಉಳಿದಿಲ್ಲ. ಬಸ್ಸಿನವರಲ್ಲಿ ಅರ್ಧ ಜನ ಎದುರಿನ ಅಂಗಡಿಯಲ್ಲೇ ಉಳಿದರು. ಒಲೆ ಕಿಟಕಿಯಲ್ಲೇ ಇದೆ. ಬೀಗದ ಕೈ ಈಗಲೂ ಪಕ್ಕದ ಮನೆಯ ಗೂಡಿನಲ್ಲೇ ಇರುತ್ತದೆ, ಆದರೆ ಗಂಡ ಹೆಂಡತಿ ದಿನವೂ ಬೆಳಿಗ್ಗೆ ಒಂದಿಷ್ಟು ಮಾತಾಡುತ್ತಾರೆ.