ಪಾರ್ಕಿನ ರೇಡಿಯೊದವರು

ಶಿಡ್ಲಘಟ್ಟದ ಪುರಸಭೆ ಪಾರ್ಕಿನಲ್ಲಿ ರೇಡಿಯೊ ಹಾಕಲೆಂದೇ ಒಬ್ಬರಿದ್ದರು. ಸಂಜೆ ಆರಕ್ಕೆ ಸರಿಯಾಗಿ ಟೋಪಿ ನೆಟ್ಟಗೆ ಮಾಡಿಕೊಂಡು ಗೂಡಿನಂಥ ಕೋಣೆಯ ಬೀಗ ತೆಗೆಯುವರು, ರೇಡಿಯೊ ಸೆಟ್ಟಿಗೆ ಕೈಮುಗಿದು ಗುಂಡಿ ತಿರುಗಿಸುವರು. ಕಂಬದ ಮೇಲಿನ ಸ್ಪೀಕರು ಏಳೂವರೆಯವರೆಗೆ ಊರಿಗೆಲ್ಲ ಕೇಳುವಂತೆ ಹಾಡುತ್ತಿತ್ತು. ಹಾಡು ಬದಲಿಸಿ ಎಂದರೂ, ಸದ್ದು ತಗ್ಗಿಸಿ ಎಂದರೂ ಅವರ ಉತ್ತರ ಒಂದೇ: "ಆರ್ಡರ್ ಇಲ್ಲ ಕಣಪ್ಪ."

ಒಂದು ಬೇಸಿಗೆಯಲ್ಲಿ ಸೆಟ್ಟು ಕೆಟ್ಟು, ರಿಪೇರಿಗೆಂದು ಬೆಂಗಳೂರಿಗೆ ಹೋಯಿತು. ರೇಡಿಯೊ ನಿಲ್ಲಿಸಲು ಮಾತ್ರ ಯಾರೂ ಆರ್ಡರ್ ಕೊಡಲಿಲ್ಲ. ತಾವಾಗಿ ನಿಲ್ಲಿಸಿದರೆ ಕೆಲಸವೇ ಹೋದೀತೆಂದು ಹೆದರಿ, ಅವರು ಎಂದಿನಂತೆ ಆರಕ್ಕೆ ಬೀಗ ತೆಗೆದರು, ಖಾಲಿ ಮೇಜಿಗೆ ಕೈಮುಗಿದರು, ಹೊರಗೆ ಬಂದು ಕಾವಲು ನಿಂತರು. ಹುಲ್ಲಿನ ಮೇಲೆ ಯಾರಾದರೂ ಮಾತಿಗೆ ತೊಡಗಿದರೆ ಬೆರಳೆತ್ತಿ ಗದರುತ್ತಿದ್ದರು: "ರೇಡಿಯೊ ಟೈಮು, ಸುಮ್ಕಿರ್ರಪ್ಪ!"

ಮೊದಲ ದಿನ ನಾವೆಲ್ಲ ನಕ್ಕೆವು. ಬೆಳಗಿನಿಂದ ಚರಕಗಳ ಗಡಗಡ ಸದ್ದಿನ ನಡುವೆ ರೇಷ್ಮೆ ನೂಲು ತೆಗೆದು ಬಂದವರು ಮಾತ್ರ ನಗಲಿಲ್ಲ, ಕಣ್ಣು ಮುಚ್ಚಿ ಕೂತರು. ಮಾರನೆಯ ದಿನ ಹೆಂಡತಿಯರನ್ನೂ ಕರೆತಂದರು. ವಾರದೊಳಗೆ ಪಾರ್ಕಿನಲ್ಲಿ ಕೂರಲು ಜಾಗವಿರಲಿಲ್ಲ.

ತಿಂಗಳಾದ ಮೇಲೆ ಸೆಟ್ಟು ವಾಪಸು ಬಂದು ಒದರತೊಡಗಿದಾಗ, ನೂಲು ತೆಗೆಯುವವನೊಬ್ಬ ಬೇಡಿಕೊಂಡ: "ಅಣ್ಣಾ, ಸೆಟ್ ಇಲ್ದಾಗ ಹಾಕ್ತಿದ್ಯಲ್ಲ, ವಾರಕ್ಕೊಂದು ದಿನ ಆದ್ರೂ ಆ ಪ್ರೋಗ್ರಾಮ್ ಹಾಕಣ್ಣಾ."

"ಆರ್ಡರ್ ಇಲ್ಲ ಕಣಪ್ಪ. ಅರ್ಜಿ ಕೊಡು."

ಅರ್ಜಿ ಬರೆದುಕೊಟ್ಟವನು ನಾನೇ. ಸುತ್ತಮುತ್ತ ಒಮ್ಮೆ ನೋಡಿ, ಅದಕ್ಕೆ ಮೊದಲ ಸಹಿ ಹಾಕಿದವರು ರೇಡಿಯೊದವರೇ.