ಅವರೆಯ ಬಿಸಿಲಿಗೆ ಅಡ್ಡ ಬಂದ ಹಕ್ಕಿ

ಹಕ್ಕಿಯೊಂದು ರಿವರ್ಸ್ ಗೇರಿನಲ್ಲಿ ಹೋಗುವುದನ್ನು ನೀವು ನೋಡಿರಲಾರಿರಿ. ಅಮೆರಿಕದ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ಮನೆ ಕೊಂಡ ಮೊದಲ ಬೇಸಿಗೆಯಲ್ಲಿ ನಾನು ನೋಡಿದೆ. ಹಿತ್ತಿಲಲ್ಲಿ ಪಾತಿ ಮಾಡುತ್ತಿದ್ದಾಗ ಕಿವಿಯ ಬಳಿ ಗುಂಯ್ ಎಂದಿತು. ದುಂಬಿಯೆಂದು ಕೈ ಬೀಸಿದೆ. ಹೆಬ್ಬೆರಳಿನಷ್ಟು ಹಸಿರು ಹಕ್ಕಿ! ಮುಖದೆದುರು ಗಾಳಿಯಲ್ಲೇ ನಿಂತು, ನನ್ನ ಕೆಂಪು ಟೋಪಿಯಲ್ಲಿ ಮಧುವಿಲ್ಲವೆಂದು ಖಾತ್ರಿ ಮಾಡಿಕೊಂಡು, ತಿರುಗದೆಯೇ ಹಿಂದಕ್ಕೆ ಸರಿದು ಹಾರಿಹೋಯಿತು.

ಇದರ ಹೆಸರು ಹಮ್ಮಿಂಗ್‌ಬರ್ಡ್. ನಮ್ಮ ಸೂರಕ್ಕಿಯಂತೆಯೇ ಉದ್ದ ಕೊಕ್ಕು, ಹೂವಿನ ಮಧುವೇ ಊಟ, ನಂಜಿಕೊಳ್ಳಲು ಸಣ್ಣ ಹುಳು. ಆದರೂ ನೆಂಟಸ್ತಿಕೆಯಿಲ್ಲ, ಒಂದೇ ಕಸುಬು ಮಾಡಿ ಮಾಡಿ ಒಂದೇ ಚಹರೆ ಬಂದಿದೆ. ನಮ್ಮದು ರೆಂಬೆ ಹಿಡಿದು ಕೂತು ಕುಡಿಯುತ್ತದೆ. ಇಲ್ಲಿಯದಕ್ಕೆ ಕೂರಲು ಪುರುಸೊತ್ತಿಲ್ಲ, ಥೇಟು ಕೆಲಸಕ್ಕೆ ದಿನಾ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವವರು ನಿಂತೇ ಕಾಫಿ ಕುಡಿದಂತೆ.

ಆದರೆ ಆಗ ನನ್ನ ತಲೆಯಲ್ಲಿದ್ದುದು ಹಕ್ಕಿಯಲ್ಲ, ಅವರೆಕಾಯಿ. ಮೈಸೂರಿನಿಂದ ತಂದ ಬೀಜ. ಅವರೆ ಹೂ ಬಿಡುವುದೇ ಹಗಲು ಕುಗ್ಗಿದ ಮೇಲೆ. ಅದರ ಬೆನ್ನಿಗೇ ಇಲ್ಲಿ ಫ್ರಾಸ್ಟ್, ಅಂದರೆ ಬಳ್ಳಿ ಸುಡುವ ಹಿಮ. ಬೇಸಿಗೆಯ ಬಿಸಿಲೆಲ್ಲ ಸಿಕ್ಕರೆ ಮಾತ್ರ ಕಾಯಿ. ನನ್ನ ಹೆಂಡತಿ ಸರೋಜ ಆಗಲೇ ಸುತ್ತಲಿನ ಕನ್ನಡದವರನ್ನೆಲ್ಲ ಹಿತಕಿದ ಬೇಳೆ ಸಾರಿಗೆ ಕರೆದುಬಿಟ್ಟಿದ್ದಳು. ಬಿಸಿಲಿಗೆ ಅಡ್ಡವಿದ್ದದ್ದು ಪಕ್ಕದ ಮನೆಯ ಡೊರತಿಯ ಮೇಪಲ್ ಮರದ ಒಂದು ಕೊಂಬೆ.

ಇಲ್ಲಿಗೆ ಬರುವವರಿಗೆ ಒಂದು ಮಾತು: ಅಮೆರಿಕದಲ್ಲಿ ಚೌಕಾಸಿ ನಡೆಯದೆಂದರೆ ನಂಬಬೇಡಿ. ಅಂಗಡಿಯಲ್ಲಿ ಇಲ್ಲ, ಬೇಲಿಯ ಬಳಿ ಧಾರಾಳವಾಗಿ ನಡೆಯುತ್ತದೆ. ವಯಸ್ಸಾದ ಡೊರತಿಗೆ ಲಾನಿನ ಹುಲ್ಲು ಕತ್ತರಿಸುವುದು ಕಷ್ಟವಾಗಿತ್ತು. "ಬೇಸಿಗೆ ಪೂರ್ತಿ ಹುಲ್ಲು ನನ್ನ ಜವಾಬ್ದಾರಿ, ಆ ಕೊಂಬೆ ಕಡಿಯಲು ಬಿಡಿ" ಎಂದೆ. ಆಕೆ ಕೈ ಕುಲುಕಿದಳು.

ಶನಿವಾರ ಏಣಿ ಹತ್ತಿ ಗರಗಸ ಇಟ್ಟೆ. ಕೆಳಗಿನಿಂದ ಸರೋಜ ಕೂಗಿದಳು: "ರೀ, ನಿಲ್ಸಿ! ನೀವು ಹತ್ತಿದ್ಮೇಲೆ ಅಲ್ಲಿಂದ ಹಕ್ಕಿ ಹಾರ್ತು. ಗೂಡಿರ್ಬೇಕು."

"ಗೂಡೆಲ್ಲೇ? ನೇತಾಡ್ತಾ ಏನೂ ಇಲ್ಲ."

ಮೈಸೂರಿನ ನಮ್ಮ ಮನೆಯ ಬಟ್ಟೆ ತಂತಿಗೆ ಸೂರಕ್ಕಿ ಚೀಲದಂಥ ಗೂಡು ನೇತುಹಾಕುತ್ತಿತ್ತು. ಮಧು ಕುಡಿಯುವ ಹಕ್ಕಿಯೆಂದರೆ ನೇತಾಡುವ ಗೂಡೇ ಎಂದು ನನ್ನ ಲೆಕ್ಕ. ಗರಗಸದ ಪಕ್ಕದಲ್ಲೇ ಅಕ್ರೋಟಿನಷ್ಟು ದಪ್ಪನೆಯ ಗಂಟಿತ್ತು, ಮರದ್ದೇ ಎಂದುಕೊಂಡಿದ್ದೆ. ಬಗ್ಗಿ ನೋಡಿದರೆ ಬಟ್ಟಲು! ಜೇಡರ ನೂಲಿನಿಂದ ಬಿಗಿದು, ಹೊರಗೆ ಕಲ್ಲುಹೂವಿನಂಥದ್ದನ್ನು ಮೆತ್ತಿದೆ. ಒಳಗೆ ಎರಡು ಬಿಳಿ ಮೊಟ್ಟೆ, ಹೆಚ್ಚೂಕಡಿಮೆ ಅವರೆಕಾಳಿನಷ್ಟೇ.

"ಈಗೇನೇ ಮಾಡೋದು? ಊರಿಗೆಲ್ಲ ಸಾರು ಅಂತ ಹೇಳಿದೀಯಲ್ಲ!"

"ಬಾಣಂತಿ ಮನೆ ಕೆಡವಿ ಸಾರು ಕುಡೀಬೇಕಾ? ಇಳೀರಿ ಕೆಳಗೆ."

ಬೇಲಿಯಾಚೆಯಿಂದ ಡೊರತಿ ನಕ್ಕಳು. "ಕೊಂಬೆ ಬೇಡದಿದ್ದರೆ ನಿನ್ನಿಷ್ಟ. ಹುಲ್ಲು ಮಾತ್ರ ಬೆಳೆಯುತ್ತಲೇ ಇದೆ!" ಚೌಕಾಸಿಯಲ್ಲಿ ನಾನು ಇಷ್ಟು ಚೆನ್ನಾಗಿ ಸೋತದ್ದು ಅದೇ ಮೊದಲು.

ಸೂರಕ್ಕಿಯ ಗಂಡು ಮರಿಗಳಿಗೆ ಗುಟುಕು ತರುತ್ತದೆ. ಇಲ್ಲಿಯ ಕೆಂಪು ಕೊರಳಿನ ಗಂಡು ಗೂಡಿನ ಕಡೆ ತಲೆಹಾಕಲಿಲ್ಲ. "ಟೈ ಕಟ್ಕೊಂಡು ಓಡಾಡೋರೆಲ್ಲ ಹೀಗೇನೇ" ಎಂದು ಸರೋಜ ನನ್ನತ್ತ ನೋಡಿದಳು. ಮರಿಗಳು ಬೆಳೆದಂತೆ ಗೂಡೂ ಹಿಗ್ಗಿತು. ಮನೆ ಕೊಳ್ಳುವವರು ಇಂಥದ್ದನ್ನು ಹುಡುಕಬೇಕು. ಮರಿಗಳು ಹಾರಿದ ಮೇಲೆ ಗರಗಸ ತಂದೆ. "ಹಳೆಯ ಜಾಗಕ್ಕೇ ಮತ್ತೆ ಬರುವುದುಂಟು" ಎಂದಳು ಡೊರತಿ. ಗರಗಸ ಗರಾಜಿಗೆ ವಾಪಸಾಯಿತು.

ಅವರೆ ತಡವಾಗಿ ನೇರಳೆ ಹೂ ಬಿಟ್ಟಿತು. ಅದೇ ಹಸಿರು ಹಕ್ಕಿಗಳು ಬಂದು ಗಾಳಿಯಲ್ಲಿ ನಿಂತು ಹೀರಿ, ಮೈ ತುಂಬಿಕೊಂಡು ಮೆಕ್ಸಿಕೋ ದಿಕ್ಕಿಗೆ ಹೊರಟವು. ಹಿಂದೆಯೇ ಫ್ರಾಸ್ಟ್. ಸಿಕ್ಕಿದ್ದು ಒಂದು ಬೊಗಸೆ ಕಾಯಿ. ಸರೋಜ ಅವರೆಯಂತೆಯೇ ಕಾಣುವ ಅಂಗಡಿಯ ಫ್ರೋಜನ್ ಲೈಮಾ ಬೀನ್ಸ್ ಹಿತಕಿ, ಅದರಲ್ಲಿ ಆ ಬೊಗಸೆಯನ್ನೂ ಬೆರೆಸಿ ಸಾರು ಮಾಡಿದಳು. ಬಂದವರು ಬಾಯಿ ಚಪ್ಪರಿಸಿದರು. ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಮುಂದಿನ ಬೇಸಿಗೆಗೆ ಅವರೆ ಚಪ್ಪರವನ್ನು ಮೇಪಲ್ ನೆರಳಿಲ್ಲದ ಹಿತ್ತಿಲ ಇನ್ನೊಂದು ಮೂಲೆಗೆ ಸಾಗಿಸಲು ಗುರುತು ಹಾಕಿದೆ.

ಆ ಡಿಸೆಂಬರಿನಲ್ಲಿ ಮೈಸೂರಿಗೆ ಹೋದಾಗ ಅಂಗಳದ ದಾಸವಾಳಕ್ಕೆ ಸೂರಕ್ಕಿ ಬಂತು. "ಇದ್ಯಾಕೆ ಕೂತ್ಕೊಂಡು ಕುಡೀತಿದೆ?" ಎಂದು ಬಾಯಿತಪ್ಪಿ ಕೇಳಿಬಿಟ್ಟೆ.

"ಇನ್ನೇನು ಮಾಡ್ಬೇಕೋ?" ಎಂದಳು ಅಕ್ಕ. "ಅದಕ್ಕೇನು ನಿನ್ ಥರ ಹೊರಡೋ ಅವಸರಾನಾ?"

ಹೊಸ ಅವರೆ ಬೀಜ ಆಗಲೇ ಸೂಟ್‌ಕೇಸು ಸೇರಿತ್ತು. ನಿಂತೇ ಕುಡಿಯುತ್ತಿದ್ದ ಕಾಫಿಯನ್ನು ಹಿಡಿದು ಅವಳ ಪಕ್ಕ ಜಗಲಿಯ ಮೇಲೆ ಕೂತೆ.